ಹರಳು ಗಿಡದ ಸಾಕ್ಷಿ

ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಬಂದ ಚೀಲ, ಸಂಜೆ ಹೋದ ಡಬ್ಬ, ನಡುವೆ ಉಳಿದ ಹಿಂಡಿ, ಮೂರೂ ತಾಳೆಯಾಗದೆ ಮನೆಗೆ ಹೋಗುವ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಅದಕ್ಕೇ 2023ರ ಬರಗಾಲದಲ್ಲಿ ನಮ್ಮ ಮೂರು ಎಕರೆ ಹತ್ತು ಗುಂಟೆಗೆ ಬರಬೇಕಾದ ಬೆಳೆ ಪರಿಹಾರ ಎಲ್ಲರಿಗೂ ಬಂದು ನಮಗೆ ಬಾರದಿದ್ದಾಗ ಅವ್ವ ಅಂದಳು: "ಊರೋರ ಲೆಕ್ಕಾನೆಲ್ಲ ಬರೀತೀಯ, ನಮ್ಮನೇದು ಒಂದು ಸರಿ ಮಾಡಕಾಗ್ಲಿಲ್ವೇನೋ?"

ಊರಿನ ಹೆಸರು ಹೇಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಖುಷ್ಕಿ ಸೀಮೆ, ಅಷ್ಟು ಸಾಕು. ಕಚೇರಿಗಳಲ್ಲಿ ನಾನು ಕಂಡವರಲ್ಲಿ ಕೆಟ್ಟವರು ಅಂತ ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಬಯ್ಯಲಿಕ್ಕಾದರೂ ಅನುಕೂಲವಾಗುತ್ತಿತ್ತು.

ಆ ವರ್ಷ ಜೂನ್ ಪೂರ್ತಿ ಮಳೆ ಕೈಕೊಟ್ಟಿತು. ಜುಲೈ ಕೊನೆಯ ವಾರ ಒಂದು ಹದ ಮಳೆ ಬಿತ್ತು, ಊರಿಗೆ ಊರೇ ಅದೇ ಹದಕ್ಕೆ ಶೇಂಗಾ ಬಿತ್ತಿತು. ಅಪ್ಪ ಇದ್ದಾಗ ಟಿಎಂವಿ-2 ಬಿಟ್ಟು ಬೇರೆ ಬೀಜ ಮುಟ್ಟುತ್ತಿರಲಿಲ್ಲ. ನಾವು ಕದಿರಿ ಲೇಪಾಕ್ಷಿ ಹಾಕಿದೆವು, ಇಳುವರಿ ಜಾಸ್ತಿ ಅಂತ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಅವ್ವ ಮಾತ್ರ ತನ್ನ ಪದ್ಧತಿ ಬಿಡಲಿಲ್ಲ. ಹನ್ನೆರಡು ಸಾಲು ಶೇಂಗಾ ಆದಮೇಲೆ ಒಂದು ಅಕ್ಕಡಿ ಸಾಲು, ಒಂದರಲ್ಲಿ ತೊಗರಿ, ಮತ್ತೊಂದರಲ್ಲಿ ಹರಳು. "ಈಗ ಯಾರವ್ವ ಹರಳು ಹಾಕ್ತಾರೆ" ಅಂದರೆ ಕೇಳಿಸಿಕೊಳ್ಳಲೇ ಇಲ್ಲ. ಟ್ರ್ಯಾಕ್ಟರ್ ಬಾಡಿಗೆ, ಬೀಜ, 1,350 ರೂಪಾಯಿಯ ಡಿಎಪಿ ಚೀಲ, ಕಳೆ ತೆಗೆದ ಕೂಲಿ ಎಲ್ಲ ಸೇರಿ ಎಕರೆಗೆ ಹದಿನಾಲ್ಕು ಸಾವಿರ ಮುಳುಗಿತ್ತು. ಚೀಟಿ ಇಟ್ಟಿದ್ದೇನೆ.

ಆಮೇಲೆ ಆಗಸ್ಟ್. ದೇಶದಲ್ಲಿ 1901ರಿಂದ ಇಟ್ಟಿರುವ ಮಳೆ ಲೆಕ್ಕದಲ್ಲಿ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ ಅಂತ ಪತ್ರಿಕೆಯಲ್ಲಿ ಬಂದದ್ದು ಎಷ್ಟೋ ದಿನದ ಮೇಲೆ. ನಮಗೆ ಆಗ ಕಂಡದ್ದು ಇಷ್ಟೆ: ಗಿಡ ಹಳದಿ ಹೂ ಬಿಟ್ಟಿತ್ತು. ಹೂವಿನ ಬುಡದಿಂದ ಊಡು ಇಳಿಯಬೇಕು, ಇಳಿದು ಮಣ್ಣು ಚುಚ್ಚಿ ಒಳಗೆ ಹೋಗಬೇಕು, ಆಗಲೇ ಕಾಯಿ. ಮಣ್ಣು ಹೆಂಚಾಗಿತ್ತು. ಊಡು ನೆಲಕ್ಕೆ ತಾಗಿ, ಒಳಗೆ ಹೋಗಲಾರದೆ, ಸುಟ್ಟ ಸೂಜಿಯಂತೆ ಕಪ್ಪಾಗಿ ಅಲ್ಲೇ ನಿಂತಿತು. ಗಣೇಶನ ಹಬ್ಬದ ಮರುದಿನ ಒಂದು ಗಿಡ ಕಿತ್ತು ನೋಡಿದೆ. ಎರಡು ಕಾಯಿ. ಒಂದು ಜೊಳ್ಳು. ಇನ್ನೊಂದರಲ್ಲಿ ಕಡಲೆಬೇಳೆ ಗಾತ್ರದ ಸುಕ್ಕಿದ ಕಾಳು. ಅವ್ವ ಅದನ್ನು ಬಾಯಿಗೆ ಹಾಕಿಕೊಂಡು ಉಗಿದಳು.

ಅಷ್ಟು ಹೊತ್ತಿಗೆ, ಸೆಪ್ಟೆಂಬರ್ 13ಕ್ಕೆ, ಸರ್ಕಾರ 195 ತಾಲೂಕುಗಳು ಬರಪೀಡಿತ ಎಂದು ಘೋಷಿಸಿ ಆಗಿತ್ತು. ಮುಂದೆ ಅದು 223ಕ್ಕೆ ಹೋಯಿತು. ಪಟ್ಟಿಗೆ ಸೇರದ ತಾಲೂಕುಗಳೇ ಅಪರೂಪ. ಪಟ್ಟಿಯಲ್ಲಿ ಹೆಸರು ಬಂತು ಅಂದರೆ ದುಡ್ಡು ಬಂದ ಹಾಗೇ ಅಂತ ಊರಲ್ಲಿ ಎಲ್ಲರ ಲೆಕ್ಕಾಚಾರ.

ನಮ್ಮ ಹೊಲಕ್ಕೆ ಹೊಂದಿಕೊಂಡೇ ಚಿಕ್ಕಪ್ಪನ ಹೊಲ. ಅವನಿಗೆ ಹೊಲಕ್ಕಿಂತ ಕುರಿ ಮುಖ್ಯ, ಎಂಬತ್ತು ಕುರಿ. ಹಿಂದೆಲ್ಲ ಬರ ಬಂದರೆ ಅಮೃತ್ ಮಹಲ್ ಕಾವಲಿನ ಹುಲ್ಲು ಇತ್ತು. ಈಗ ಅದರ ದೊಡ್ಡ ಭಾಗಕ್ಕೆ ಗೋಡೆ ಎದ್ದಿದೆ. ಕುರಿಗಳ ಪಕ್ಕೆಲುಬು ಎಣಿಸುವ ಹಾಗಾಗಿತ್ತು. "ಕೀಳಿಸಿದ್ರೆ ಕೂಲಿ ದಂಡ. ನಿನ್ನ ಕುರಿಯಾದ್ರೂ ತಿನ್ಲಿ, ಬಿಡು" ಅಂತ ಅವ್ವನೇ ಅವನಿಗೆ ಹೇಳಿದಳು. ಎರಡು ದಿನದಲ್ಲಿ ಶೇಂಗಾ, ತೊಗರಿ ಎಲ್ಲ ಬೋಳು. ಹರಳಿಗೆ ಮಾತ್ರ ಕುರಿ ಬಾಯಿ ಹಾಕಲಿಲ್ಲ, ಹಾಕುವುದೂ ಇಲ್ಲ. ಆ ಎಂಟು ಸಾಲು ಹರಳು ಗಿಡ, ಮೊಣಕಾಲೆತ್ತರ, ಬಯಲಿನ ನಡುವೆ ಯಾರೋ ನಿಲ್ಲಿಸಿ ಮರೆತುಹೋದ ಹಾಗೆ ನಿಂತಿದ್ದವು.

ಅಕ್ಟೋಬರ್ ಮೊದಲ ವಾರ ಬೆಳೆ ಸಮೀಕ್ಷೆಯ ಹುಡುಗ ಬಂದು ಹೋಗಿದ್ದಾನೆ. ನಾನು ಮಿಲ್ಲಿನಲ್ಲಿ, ಅವ್ವ ಅಕ್ಕನ ಮನೆಗೆ ಹಿರಿಯೂರಿಗೆ ಹೋಗಿದ್ದಳು. ಪಿಆರ್, ಅಂದರೆ ಖಾಸಗಿ ನಿವಾಸಿ ಅಂತಾರೆ ಇವರನ್ನು, ಪ್ರತಿ ಊರಿಗೂ ಒಬ್ಬರೋ ಇಬ್ಬರೋ, ಪ್ಲಾಟಿಗೆ ಇಷ್ಟು ಅಂತ ದುಡ್ಡು. ಬಿಸಿಲಲ್ಲಿ ನೂರಾರು ಸರ್ವೆ ನಂಬರ್ ಸುತ್ತುವ ಡಿಗ್ರಿ ಓದಿದ ಹುಡುಗ. ಬೋಳು ನೆಲ ಕಂಡಿದ್ದಾನೆ, ಫೋಟೊ ಹೊಡೆದಿದ್ದಾನೆ, ಬೆಳೆಯ ಜಾಗದಲ್ಲಿ 'ಬೀಳು' ಅಂತ ಒತ್ತಿದ್ದಾನೆ. ಬೀಳು ಬಿದ್ದ ಹೊಲಕ್ಕೆ ಬೆಳೆ ಹಾನಿ ಎಲ್ಲಿಂದ?

ಇದು ನನಗೆ ಗೊತ್ತಾದದ್ದೇ ಆಕಸ್ಮಿಕ. ಮಿಲ್ಲಿಗೆ ಬಂದ ರೈತರೊಬ್ಬರು ಬೆಳೆ ದರ್ಶಕ್ ಆ್ಯಪಿನಲ್ಲಿ ತಮ್ಮ ಹೊಲದ ಫೋಟೊ ತೋರಿಸುತ್ತಿದ್ದರು. ನಮ್ಮದೂ ನೋಡೋಣ ಅಂತ ಸರ್ವೆ ನಂಬರ್ ಹಾಕಿದರೆ, ನಮ್ಮ ಬೇವಿನ ಮರದ ನೆರಳು, ಪಕ್ಕದಲ್ಲಿ ಕುರಿ ಹಿಕ್ಕೆ, ಕೆಳಗೆ 'ಬೀಳು'.

ಅಲ್ಲಿಯವರೆಗೆ ನಾನು ಪರಿಹಾರಕ್ಕೆ ಅರ್ಜಿ ಎಲ್ಲಿ ಕೊಡಬೇಕು ಅಂತ ವಿಚಾರಿಸುತ್ತ ಇದ್ದೆ. ಕೇಳಿದವರೆಲ್ಲ ಒಂದೊಂದು ಕಚೇರಿ ತೋರಿಸುತ್ತಿದ್ದರು. ನಿಜ ಏನೆಂದರೆ ಆ ವರ್ಷ ಅರ್ಜಿ ಎಂಬುದೇ ಇರಲಿಲ್ಲ. ಬೆಳೆ ಸಮೀಕ್ಷೆಯಲ್ಲಿ ಹೊಲದ ಮೇಲೆ ಏನಿದೆ ಎಂಬುದು ಒಂದು ಕಡೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ ಮತ್ತು ಅದಕ್ಕೆ ಜೋಡಿಸಿದ ಸರ್ವೆ ನಂಬರುಗಳು ಇನ್ನೊಂದು ಕಡೆ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂಬುದು ಮೂರನೆಯದು. ಮೂರನ್ನೂ ಕಂಪ್ಯೂಟರು ಒಂದರ ಮೇಲೊಂದು ಇಟ್ಟು ನೋಡುತ್ತದೆ. ಕೂತರೆ ದುಡ್ಡು ತಾನಾಗಿ ಹೊರಡುತ್ತದೆ. ಕೂರದಿದ್ದರೆ ಯಾರೂ ಬಂದು ಹೇಳುವುದಿಲ್ಲ. ಲಂಚಕ್ಕೆ ಜಾಗ ಇಲ್ಲದ ಹಾಗೆ ಮಾಡಿದ್ದಾರೆ, ಅದನ್ನು ಒಪ್ಪಬೇಕು. ಅಪ್ಪನ ಕಾಲದಲ್ಲಿ ಪಟ್ಟಿ ಬರೆಯುವವರ ಮನೆ ಮುಂದೆ ಕಾಯಬೇಕಿತ್ತು, ಬಿತ್ತದವನಿಗೂ ಬರುತ್ತಿತ್ತು. ಈಗ ಯಾರ ಮನೆ ಮುಂದೆ ಕಾಯಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಆ್ಯಪಿನಲ್ಲೇ ಆಕ್ಷೇಪಣೆ ಹಾಕಿದೆ. ಒಂದು ವಾರ ಏನೂ ಇಲ್ಲ. ಗ್ರಾಮ ಆಡಳಿತಾಧಿಕಾರಿ ಮೇಡಂ ವಾರಕ್ಕೆರಡು ದಿನ ಪಂಚಾಯ್ತಿ ಆಫೀಸಿನಲ್ಲಿ ಸಿಗುತ್ತಾರೆ ಅಂತ ಅಲ್ಲಿಗೆ ಹೋದೆ. ಗ್ರಾಮ ಲೆಕ್ಕಿಗರಿಗೆ ಸರ್ಕಾರ ಈ ಹೊಸ ಹೆಸರಿಟ್ಟಿದೆ, ನಮ್ಮೂರ ಹಿರಿಯರು ಇನ್ನೂ ಶಾನುಭೋಗ್ರು ಅಂತಲೇ ಕರೆಯುತ್ತಾರೆ. ಬೇರೆ ಜಿಲ್ಲೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬಹುದು, ನಾಲ್ಕು ಊರು ಅವರ ಕೈಯಲ್ಲಿ. ನಾನು ಗಣೇಶನ ಹಬ್ಬದ ದಿನ ಹೊಲದಲ್ಲಿ ತೆಗೆದ ಫೋಟೊ ತೋರಿಸಿದೆ. ಅವ್ವ, ಹಿಂದೆ ಒಣಗಿದ ಶೇಂಗಾ.

"ಇದು ಆಗಲ್ಲ ಸರ್. ಆ್ಯಪಲ್ಲೇ, ಹೊಲದಲ್ಲೇ ನಿಂತು ತೆಗೀಬೇಕು. ಈಗ ಅಲ್ಲಿ ಏನಿದೆ?"

"ಈಗ ಏನೂ ಇಲ್ಲ ಮೇಡಂ. ಕುರಿ ಬಿಟ್ವಿ."

ಅವರು ನನ್ನ ಮುಖ ನೋಡಿದರು. ಬೆಳೆ ಪೂರ್ತಿ ಹೋಯಿತು ಅನ್ನುವುದಕ್ಕೆ ನಮ್ಮ ಹತ್ತಿರ ಇದ್ದ ರುಜುವಾತು ಬೋಳು ನೆಲ. ಬೆಳೆಯೇ ಇಡಲಿಲ್ಲ ಅನ್ನುವುದಕ್ಕೆ ಸಮೀಕ್ಷೆಯ ಹುಡುಗನಿಗೆ ಸಿಕ್ಕ ರುಜುವಾತೂ ಅದೇ ಬೋಳು ನೆಲ. ಅರ್ಧ ಹಾಳಾದ ಬೆಳೆಯನ್ನು ಹಾಗೇ ನಿಲ್ಲಿಸಿಕೊಂಡವರಿಗೆ ಕಷ್ಟವಿರಲಿಲ್ಲ. ಹೋದ ಬೆಳೆಯಲ್ಲಿ ಒಂದಿಷ್ಟಾದರೂ ಎದುರಿಗೆ ಉಳಿದಿರಬೇಕು ಅಂತ ನಿಯಮ ಬರೆದವರು ಹೇಳಿಲ್ಲ. ಅವರು ಹೇಳಿದ್ದು ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು ಅಂತ ಅಷ್ಟೆ. ಆದರೆ ಫೋಟೊಗೆ ಏನಾದರೂ ಸಿಗಬೇಕಲ್ಲ.

ಮೇಡಂ ಬಂದರು. ನಾಲ್ಕು ದಿನ ಬಿಟ್ಟು, ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ, ಸ್ಕೂಟಿಯನ್ನು ಬದುವಿನ ತನಕ ತಂದು ನಿಲ್ಲಿಸಿ. ಹಿಂದೆ ಅದೇ ಪಿಆರ್ ಹುಡುಗ, ಮುಖ ಸಣ್ಣದು ಮಾಡಿಕೊಂಡು. "ಅಣ್ಣ, ನಂಗೇನು ಗೊತ್ತು, ಯಾರೂ ಇರ್ಲಿಲ್ಲ" ಅಂದ. ಅವನು ಅಂದದ್ದು ಸರಿಯೇ.

ಆ್ಯಪು ತೆರೆದರೆ ಮೊದಲು ಹೊಲದ ಗಡಿ ಗೆರೆ ಬರುತ್ತದೆ, ಅದರೊಳಗೆ ನಾವು ನಿಂತ ಜಾಗ ಒಂದು ನೀಲಿ ಚುಕ್ಕಿ. ಚುಕ್ಕಿ ಗೆರೆಯೊಳಗೆ ಇದ್ದರೆ ಮಾತ್ರ ಕ್ಯಾಮೆರಾ. ನಮ್ಮ ಹೊಲದ ನಟ್ಟನಡುವೆ ನಿಂತರೂ ಚುಕ್ಕಿ ಚಿಕ್ಕಪ್ಪನ ಸರ್ವೆ ನಂಬರಿನಲ್ಲಿ ಓಡಾಡುತ್ತಿತ್ತು. ಹುಡುಗ ಫೋನ್ ಎತ್ತಿ ಹಿಡಿದು ಪೂರ್ವಕ್ಕೆ ಹೆಜ್ಜೆ ಹಾಕಿದ, ಆಫ್ ಮಾಡಿ ಆನ್ ಮಾಡಿದ, ಬೇವಿನ ಮರದಿಂದ ದೂರ ಹೋದ. ಅವ್ವ ಬದುವಿನ ಮೇಲೆ ಕೂತು ನೋಡುತ್ತಿದ್ದಳು. "ನಲವತ್ತು ವರ್ಷ ಇದೇ ಹೊಲ್ದಾಗೆ ಬೆನ್ನು ಬಗ್ಸೀನಿ. ನಾನು ಎಲ್ಲಿದೀನಿ ಅಂತ ಅದಕ್ಕೆ ಗೊತ್ತಾಗ್ತಿಲ್ವಂತಾ?" ಮೇಡಮ್ಮನಿಗೆ ನಗು ಬಂತು. ಅಷ್ಟರಲ್ಲಿ ಚುಕ್ಕಿ ಒಳಗೆ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಅಲ್ಲಾಡದೆ ನಿಂತೆವು.

ಈಗ ಏನು ತೋರಿಸುವುದು? ಮೇಡಂ ಸುತ್ತ ನೋಡಿದರು, ಹರಳು ಗಿಡದ ಕಡೆ ಕೈ ಮಾಡಿದರು.

"ಇದೇನು, ತಾನಾಗೇ ಹುಟ್ಟಿರೋದಾ?"

"ಅಕ್ಕಡಿ ಸಾಲು ಕಣಮ್ಮ" ಅಂತ ಅವ್ವ ಎದ್ದು ಬಂದಳು. "ತಾನಾಗಿ ಹುಟ್ಟಿದ್ದು ಸಾಲು ಹಿಡ್ದು ಹುಟ್ತದಾ? ಅಳಿ ಬೇಕಾದ್ರೆ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಅಲ್ಲಿಗೆ, ಎಲ್ಲಾ ಒಂದೇ ಅಳ್ತೆ." ಅಷ್ಟು ಹೇಳಿ ಎರಡು ಹರಳು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದಳು. ಕುರಿ ಮೇಯ್ದ ಮೇಲೂ ಬುಡ ಉಳಿದಿರುತ್ತದೆ. ಒಂದು ಕಿತ್ತಳು, ಇನ್ನೊಂದು, ಮತ್ತೊಂದು. ಬೇರಿನ ಗಂಟು, ಅದಕ್ಕೆ ಜೋತುಬಿದ್ದ ಜೊಳ್ಳು ಕಾಯಿ. ಹತ್ತು ಹನ್ನೆರಡು ಬುಡ ಸೆರಗಿನಲ್ಲಿ ಹಾಕಿಕೊಂಡು ಮೇಡಂ ಮುಂದೆ ಹಿಡಿದಳು. ಹುಡುಗ ಅದರ ಫೋಟೊ ತೆಗೆದ, ಆಮೇಲೆ ಹರಳು ಸಾಲುಗಳು ಹಿನ್ನೆಲೆಯಲ್ಲಿ ಬರುವ ಹಾಗೆ ಹೊಲದ್ದು ಒಂದು. ಬೆಳೆ: ಶೇಂಗಾ. ಖುಷ್ಕಿ. ಮೂರು ಎಕರೆ ಹತ್ತು ಗುಂಟೆ. ಮೇಡಂ ಬೆವರು ಒರೆಸಿಕೊಂಡು ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದರು. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಹೊಲಕ್ಕೆ ಕಾಲಿಟ್ಟು ನೋಡಿದ ಅಧಿಕಾರಿ ಅವರೊಬ್ಬರೇ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ರೈತ ಸಂಪರ್ಕ ಕೇಂದ್ರದಲ್ಲಿ ಅವ್ವನ ಎಫ್‌ಐಡಿ ನೋಡಿಸಿದರೆ ಅದರಲ್ಲಿ ಸೊನ್ನೆ ಎಕರೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು, ಅಪ್ಪ ತೀರಿಕೊಂಡು ಮೂರು ವರ್ಷ ಆಗಿತ್ತು. ಕೊರೊನಾ ಕಾಲದಲ್ಲಿ ಹೊಲವನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸುವುದಿರಲಿ, ತಿಥಿ ಮಾಡುವುದೇ ಕಷ್ಟವಾಗಿತ್ತು. ಆಮೇಲೆ ಮರೆತೆವು. ಫಸಲ್ ಬಿಮಾ ಕಟ್ಟದೆ ಬಿಟ್ಟದ್ದೂ ಇದೇ ಕಾರಣಕ್ಕೆ. ಬಿಮೆ ಬೇರೆ, ಪರಿಹಾರ ಬೇರೆ ಅಂತ ಊರಲ್ಲಿ ಅರ್ಧ ಜನಕ್ಕೆ ಈಗಲೂ ಗೊತ್ತಿಲ್ಲ. ಬಿಮೆಗೆ ಮುಂಗಾರಿನಲ್ಲಿ ವಿಮಾ ಮೊತ್ತದ ಶೇಕಡಾ 2 ನಾವು ಕಟ್ಟಿರಬೇಕು, ಪರಿಹಾರಕ್ಕೆ ಏನೂ ಕಟ್ಟಬೇಕಿಲ್ಲ.

ಮರಣ ಪತ್ರ ಇತ್ತು. ವಂಶವೃಕ್ಷಕ್ಕೆ ನಾಡಕಚೇರಿ. ಹಿರಿಯೂರಿನಿಂದ ಅಕ್ಕ ಬಂದು 'ಅವ್ವನ ಹೆಸರಿಗೆ ಆಗಲಿ' ಅಂತ ಸಹಿ ಹಾಕಿದಳು, ಭಾವ ಒಂದು ಮಾತಾಡಲಿಲ್ಲ, ಅದು ದೊಡ್ಡದು. ನೋಟಿಸ್ ಅವಧಿ ಕಳೆದು, ಹಕ್ಕು ಬದಲಾವಣೆಯ ಎಂ.ಆರ್. ನಂಬರ್ ಬಿದ್ದು, ಪಹಣಿಯಲ್ಲಿ ಅವ್ವನ ಹೆಸರು ಬರುವಾಗ ಡಿಸೆಂಬರ್ ಕೊನೆ. ಅಲ್ಲಿಂದ ಪಹಣಿ ಹಿಡಿದುಕೊಂಡು ಮತ್ತೆ ರೈತ ಸಂಪರ್ಕ ಕೇಂದ್ರ, ಎಫ್‌ಐಡಿಗೆ ಸರ್ವೆ ನಂಬರ್ ಸೇರಿಸಲು.

ನವೆಂಬರ್ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಕಂತಾಗಿ ತಲಾ 2,000 ರೂಪಾಯಿಯವರೆಗೆ ಕೊಡುತ್ತೇವೆ ಅಂದಿದ್ದರು. ಕೇಂದ್ರದ ಹಣ ಬರಲಿಲ್ಲ, ಅದು ಬರುವ ತನಕ ನಾವು ಇಷ್ಟು ಕೊಡುತ್ತೇವೆ ಅಂತ. ಜನವರಿಯಲ್ಲಿ ಊರಲ್ಲಿ ಒಬ್ಬೊಬ್ಬರ ಫೋನೂ ಕಿಣಿಕಿಣಿ ಅನ್ನತೊಡಗಿತು. ಒಂದು ದಿನ ಅವ್ವನದೂ ಅಂದಿತು. 2,000 ರೂಪಾಯಿ! ಅವ್ವ ಬೆಲ್ಲದ ಪಾಯಸ ಮಾಡಿದಳು. ಮೇಡಮ್ಮನ ಹೆಸರು ಹೇಳಿ ದೇವರ ಮುಂದೆ ದೀಪ ಹಚ್ಚಿದಳು. ಸಂಜೆ ನಾನು ಬಂದು ಮೆಸೇಜು ನೋಡಿದರೆ ಅದು ಗೃಹಲಕ್ಷ್ಮಿ. ಆ ವರ್ಷ ಎರಡಕ್ಕೂ ಒಂದೇ ಮೊತ್ತ, ಒಂದೇ ಖಾತೆ, ಎಷ್ಟು ಮನೆಯಲ್ಲಿ ಈ ಪಾಯಸ ಆಯಿತೋ. ನಾನು ಬಾಯಿಬಿಡಲಿಲ್ಲ, ಪಾಯಸ ತಿಂದೆ. ಮರುದಿನ ಭೂಮಿ ವೆಬ್‌ಸೈಟಿನ 'ಪರಿಹಾರ' ಪುಟದಲ್ಲಿ ವರ್ಷ 2023, ಮುಂಗಾರು, ಬರ ಅಂತ ಆರಿಸಿ ಅವ್ವನ ಆಧಾರ್ ಹಾಕಿದೆ. ಏನೂ ಬರಲಿಲ್ಲ. ಮೊದಲ ಕಂತಿನ ಪಟ್ಟಿ ತಯಾರಾದಾಗ ನಮ್ಮ ಹೊಲ ಇನ್ನೂ ಸತ್ತವರ ಹೆಸರಲ್ಲೇ ಇತ್ತು.

ಆಗ ಅವ್ವ ಅಂದ ಮಾತೇ ಮೊದಲಿಗೆ ಬರೆದದ್ದು.

ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ನಮ್ಮ ಮೂರು ಎಕರೆ ಬೆಂಗಳೂರು ದಾಟಿ ದೆಹಲಿಗೆ ಹೋಗಿತ್ತು. ರಾಜ್ಯ ಕೇಳಿದ್ದು 18,171 ಕೋಟಿ. ಕೇಂದ್ರದ ತಂಡ ಅಕ್ಟೋಬರಿನಲ್ಲೇ ಬಂದು ನೋಡಿಕೊಂಡು ಹೋಗಿತ್ತು. ಹಣ ಬರಲಿಲ್ಲವೆಂದು ಮಾರ್ಚಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮಿಲ್ಲಿನಲ್ಲಿ ಆ ದಿನಗಳಲ್ಲಿ ಕೆಲಸ ಕಡಿಮೆ, ಇಲ್ಲಿನ ಶೇಂಗಾ ಇಲ್ಲ, ಹೊರಗಿನಿಂದ ಬಂದ ಚೀಲವೇ ಗತಿ. ಹಮಾಲರು, ನಾನು, ಮಾಲೀಕರು ಮೂವರೂ ಒಂದೇ ಪತ್ರಿಕೆಯನ್ನು ಹರಿದು ಹಂಚಿಕೊಂಡು ಓದುತ್ತ ಈ ಜಗಳದಲ್ಲಿ ಪಕ್ಷ ಹಿಡಿಯುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೆ ಲೋಕಸಭೆ ಮತದಾನ. ಬೆರಳಿನ ಶಾಯಿ ಇನ್ನೂ ಹೊಳೆಯುತ್ತಿದ್ದಾಗ, ಮರುದಿನವೇ, ಕೇಂದ್ರ 3,454 ಕೋಟಿ ಬಿಟ್ಟಿತು ಅಂತ ಸುದ್ದಿ. 18,171 ಎಲ್ಲಿ, 3,454 ಎಲ್ಲಿ. ಇಂಥ ವ್ಯತ್ಯಾಸ ನನ್ನ ಖಾತೆ ಪುಸ್ತಕದಲ್ಲಿ ಬಂದಿದ್ದರೆ ಮಾಲೀಕರು ಆ ದಿನವೇ ಲೆಕ್ಕ ಕೇಳುತ್ತಿದ್ದರು.

ಚಿಕ್ಕಪ್ಪನಿಗೆ ಇದ್ಯಾವುದೂ ತಟ್ಟಲಿಲ್ಲ. ಅವನಿಗೆ ಎರಡು ಸಾವಿರ ಜನವರಿಯಲ್ಲೇ ಬಂದಿತ್ತು, ಹೊಲದ್ದು. ಕುರಿಗೆ? "ಕುರಿ ಸತ್ರೆ ನಾಲ್ಕು ಸಾವಿರ ಅಂತೆ" ಅಂತ ಯಾರೋ ಹೇಳಿದ್ದರು. ಆಗಿನ ವಿಪತ್ತು ಪರಿಹಾರದ ನಿಯಮದಲ್ಲಿ ಕುರಿ, ಮೇಕೆಗೆ 4,000 ಇದ್ದದ್ದು ನಿಜ, ಹಾಲು ಕೊಡುವ ಹಸು, ಎಮ್ಮೆಗೆ 37,500. ಆದರೆ ಪ್ರವಾಹದಲ್ಲಿ ಕೊಚ್ಚಿಹೋದ ಹಾಗೆ ಬರದಲ್ಲಿ ಕುರಿ ಒಂದೇ ದಿನ ಸಾಯುವುದಿಲ್ಲ. ಸೊರಗುತ್ತದೆ, ಮರಿ ಹಾಕುವುದಿಲ್ಲ, ಹಾಕಿದರೆ ಹಾಲಿಲ್ಲ. ಕುರಿಗಾರ ಸಾಯುವ ತನಕ ಕಾಯುವುದಿಲ್ಲ, ಸಂತೆಗೆ ಹೊಡೆಯುತ್ತಾನೆ. ಚಿಕ್ಕಪ್ಪ ಫೆಬ್ರುವರಿಯಲ್ಲಿ ಇಪ್ಪತ್ತೆರಡು ಕುರಿಯನ್ನು ಅರ್ಧ ಬೆಲೆಗೆ ಕೊಟ್ಟ, ಉಳಿದವನ್ನು ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೊಡೆದುಕೊಂಡು ಹೋದ. ಅರ್ಧ ಬೆಲೆಗೆ ಮಾರಿದ್ದು ಯಾವ ಕಾಲಂನಲ್ಲೂ ಬರುವುದಿಲ್ಲ. ನಾನು ಹುಡುಕಿದ್ದೇನೆ.

ಮೇ ಎರಡನೇ ವಾರ 'ಪರಿಹಾರ' ಪುಟದಲ್ಲಿ ಅವ್ವನ ಹೆಸರು ಬಂತು. 11,179 ರೂಪಾಯಿ. ಕ್ಯಾಲ್ಕುಲೇಟರ್ ತೆಗೆದೆ. ಆಗ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500, ಎಲ್ಲಕ್ಕೂ ಎರಡು ಹೆಕ್ಟೇರ್ ಮಿತಿ. ನಮ್ಮ ಮೂರು ಎಕರೆ ಹತ್ತು ಗುಂಟೆ ಅಂದರೆ ಒಂದು ಹೆಕ್ಟೇರಿನ ಮೇಲೆ ಸ್ವಲ್ಪ, 1.3152. ಗುಣಿಸಿದರೆ ಸರಿಯಾಗಿ ಅಷ್ಟೇ. ಮೊದಲ ಕಂತು ಸಿಕ್ಕಿರಲಿಲ್ಲವಾದ್ದರಿಂದ ಒಟ್ಟಿಗೇ ಬಂದಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಒಂದು ಲೆಕ್ಕ ತಾಳೆಯಾದ ಖುಷಿ. ಖರ್ಚಿನ ಕಾಲು ಭಾಗ ಅದು, ಇರಲಿ. ನಿಯಮದಲ್ಲಿ ಇದರ ಹೆಸರೇ ಇನ್‌ಪುಟ್ ಸಬ್ಸಿಡಿ. ಹೋದ ಬೆಳೆಗೆ ಬೆಲೆ ಕಟ್ಟಿ ಕೊಡುವುದಲ್ಲ, ಮುಂದಿನ ಬಿತ್ತನೆಗೆ ಬೀಜ, ಗೊಬ್ಬರಕ್ಕೆ ಅಂತ ಕೈಗೆ ಇಡುವುದು. ಹಾಗೆ ನೋಡಿದರೆ ಅದು ಸಮಯಕ್ಕೇ ಬಂದಿತ್ತು. ಮೇ ತಿಂಗಳಲ್ಲಿ ಎರಡು ಒಳ್ಳೆ ಮಳೆ ಬಿದ್ದು ನೆಲ ಉತ್ತಾಗಿತ್ತು.

ಅವ್ವ ಬ್ಯಾಂಕಿಗೆ ಹೋಗಿ ಬರಿಗೈಲಿ ಬಂದಳು. ಖಾತೆಯಲ್ಲಿ ದುಡ್ಡು ಇದೆ, ತೆಗೆಯಲು ಬರುವುದಿಲ್ಲ. ಹೋಲ್ಡ್ ಅಂತೆ.

ಮರುದಿನ ಮಿಲ್ಲಿಗೆ ರಜೆ ಹಾಕಿ ಜೊತೆಗೆ ಹೋದೆ. ಯಾವ ಬ್ಯಾಂಕು ಅನ್ನುವುದು ಬೇಡ. ಅಪ್ಪ ಅಲ್ಲೇ ಬೆಳೆ ಸಾಲ ಮಾಡಿದ್ದ, ಅವ್ವನದು ಜಾಮೀನು ಸಹಿ. ಸಾಲ ಉಳಿದಿದೆ, ಅದು ಸುಳ್ಳಲ್ಲ. ತಿಂಗಳ ಗೃಹಲಕ್ಷ್ಮಿಗೆ ಅವರು ಕೈ ಹಾಕಿರಲಿಲ್ಲ, ಹನ್ನೊಂದು ಸಾವಿರ ಒಟ್ಟಿಗೆ ಕಂಡಾಗ ಹಿಡಿದಿದ್ದರು. ಮ್ಯಾನೇಜರ್ ಉತ್ತರದ ಕಡೆಯವರು, ಕನ್ನಡ ಕಲಿಯುತ್ತಿದ್ದರು. ಮಾತು ಮೃದು. "ಅಮ್ಮ, ನಾನು ಮಾಡಿಲ್ಲ, ಸಿಸ್ಟಮ್ ಮಾಡಿದೆ. ಸಾಲಕ್ಕೆ ಜಮಾ ಆಗ್ತದೆ, ಒಳ್ಳೇದು ಅಲ್ಲವಾ, ಬಡ್ಡಿ ಕಡಿಮೆ."

ಅವ್ವ ಕುರ್ಚಿಯಲ್ಲಿ ಕೂತಿರಲಿಲ್ಲ, ಟೇಬಲ್ ಹಿಡಿದು ನಿಂತಿದ್ದಳು. "ಸಾಲ ನಮ್ದೇ ಸ್ವಾಮಿ, ಇಲ್ಲ ಅಂದೋರ್ಯಾರು. ಆದ್ರೆ ಮಳೆ ಬಂದೈತೆ. ಬೀಜ ಸಾಲದ ಪುಸ್ತಕ ನೋಡ್ಕಂಡು ಮೊಳಿಯಕ್ಕಿಲ್ಲ."

ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ತಲೆ ತಗ್ಗಿಸಿದರು. ನಮ್ಮೊಬ್ಬರದೇ ಅಲ್ಲ ಈ ಕತೆ. ಆ ತಿಂಗಳು ರಾಜ್ಯದ ಎಷ್ಟೋ ಕಡೆ ಬ್ಯಾಂಕುಗಳು ಪರಿಹಾರದ ಹಣವನ್ನು ಸಾಲಕ್ಕೆ ಹಿಡಿದು ಗಲಾಟೆಯಾಗಿತ್ತು, ಹಾಗೆ ಮಾಡಬಾರದು ಎಂದು ಸರ್ಕಾರ ಹೇಳಬೇಕಾಯಿತು. ಆ ಸುದ್ದಿ ಬಂದ ಪತ್ರಿಕೆಯ ತುಂಡನ್ನು ಒಂದು ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಅವ್ವನ ಖಾತೆ ನಂಬರ್, ಪರಿಹಾರ ಪುಟದ ಪ್ರಿಂಟು, ಮೇಲೆ ಒಂದು ಮನವಿ ಬರೆದು ಕೊಟ್ಟೆ. ಸ್ವೀಕೃತಿ ಸೀಲು ಹಾಕಿಸಿಕೊಂಡೆ, ಇದು ಮಿಲ್ಲಿನ ಅಭ್ಯಾಸ. ಸೀಲಿಲ್ಲದ ಕಾಗದ ಕೊಟ್ಟದ್ದಕ್ಕೂ ಕೊಡದ್ದಕ್ಕೂ ವ್ಯತ್ಯಾಸವಿಲ್ಲ. ಒಂಬತ್ತು ದಿನ ಆದಮೇಲೆ ಹೋಲ್ಡ್ ತೆಗೆದರು. ಆ ಒಂಬತ್ತು ದಿನದಲ್ಲಿ ನಾನು ಮಾಲೀಕರ ಹತ್ತಿರ ಬೀಜಕ್ಕೆಂದು ಕೈಸಾಲ ಮಾಡಿ ಆಗಿತ್ತು. ಬಂದ ದುಡ್ಡು ಅವರಿಗೆ ಹೋಯಿತು, ಉಳಿದ ಸಾವಿರದ ಚಿಲ್ಲರೆಯಲ್ಲಿ ಅವ್ವ ಅಕ್ಕನಿಗೆ ಒಂದು ಸೀರೆ ತಂದಳು. ಸಹಿ ಹಾಕಲು ಬಸ್ ಚಾರ್ಜು ಹಾಕಿಕೊಂಡು ಬಂದಿದ್ದಳಲ್ಲ.

ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜಕ್ಕೂ ಎಫ್‌ಐಡಿಯನ್ನೇ ಕೇಳಿದರು. ನಂಬರ್ ಒತ್ತಿದರು, ಮೂರು ಎಕರೆ ಹತ್ತು ಗುಂಟೆ ಅಂತ ಪರದೆಯ ಮೇಲೆ ಬಂತು. ಹಿಂದಿನ ವರ್ಷದ ಸೊನ್ನೆ ನೆನಪಾಯಿತು.

2024ರ ಮುಂಗಾರಿಗೆ ಸಮೀಕ್ಷೆಯ ಹುಡುಗ ಬರುವ ತನಕ ಕಾಯಲಿಲ್ಲ. ರೈತರೇ ಫೋಟೊ ಹಾಕುವ ಆ್ಯಪು ಇದೆ, ಅದನ್ನು ಇಳಿಸಿಕೊಂಡೆ. ಶೇಂಗಾ ಹೂ ಬಿಡುವ ಮುಂಚೆ, ಒಂದು ಭಾನುವಾರ ಬೆಳಿಗ್ಗೆ, ಅವ್ವನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಬೇವಿನ ಮರದಿಂದ ದೂರ ನಿಂತೆ, ನೀಲಿ ಚುಕ್ಕಿ ಒಂದೇ ಏಟಿಗೆ ಗೆರೆಯೊಳಗೆ ಬಂತು. ಬೆಳೆ: ಶೇಂಗಾ. ಮಿಶ್ರ ಬೆಳೆ: ತೊಗರಿ. ಒತ್ತಿ ಮುಗಿಸುವುದರಲ್ಲಿದ್ದೆ.

"ಹರಳು ಬರ್ದ್ಯಾ?" ಅಂದಳು ಅವ್ವ.

"ಎಂಟು ಸಾಲಿಗೆ ಏನವ್ವ ಬರೆಯೋದು. ಬಿಡು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹರಳು ಸಾಲಿನ ಪಕ್ಕ ಹೋಗಿ ನಿಂತಳು, ನಾನು ಬರೆಯುವ ತನಕ ಅಲ್ಲಿಂದ ಕದಲುವುದಿಲ್ಲ ಅನ್ನುವ ಹಾಗೆ. ನಾನು ಹಿಂದಿನ ಪುಟಕ್ಕೆ ಹೋಗಿ ಬೆಳೆಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ತಳ್ಳತೊಡಗಿದೆ.